ಪರಂಪರೆಯ ತಿಂಗಳುಗಳ ಹೆಸರು ಗೊತ್ತು. ಆ ತಿಂಗಳೇ ಏಕೆ ಎಂಬುದು ಎಷ್ಟು ಜನರಿಗೆ ಗೊತ್ತಿದೆ?

ಪ್ರಶ್ನೆ: ನ್ಯೂಜೆರ್ಸಿಯ ಒಬ್ಬ ಪೋಷಕಿ

ಎಲ್ಲರಿಗೂ ನಮಸ್ಕಾರ. ನನ್ನ ಮಗಳು ಓದುತ್ತಿರುವ ಪ್ರಾಥಮಿಕ ಶಾಲೆಯ ಪೋಷಕ-ಶಿಕ್ಷಕ ಸಂಘದಲ್ಲಿ ಮೂರು ವರ್ಷಗಳಿಂದ ಕೆಲಸ ಮಾಡುತ್ತಿದ್ದೇನೆ. ಮೇ ತಿಂಗಳು ಬಂತೆಂದರೆ ಏಷ್ಯನ್ ಮತ್ತು ಪೆಸಿಫಿಕ್ ದ್ವೀಪ ಮೂಲದ ಅಮೆರಿಕನ್ನರ ಹೆರಿಟೇಜ್ ಮಂತ್, ಅಂದರೆ ಪರಂಪರೆಯ ತಿಂಗಳು, ಎಂದು ಶಾಲೆಯ ಬಾಗಿಲ ಬಳಿ ಒಂದು ಮೇಜನ್ನು ನಮ್ಮ ವಶಕ್ಕೆ ಬಿಟ್ಟುಕೊಡುತ್ತಾರೆ. ಕಳೆದ ವರ್ಷ ಆ ಮೇಜಿನ ಮೇಲೆ ಒಂದು ರೇಷ್ಮೆ ಸೀರೆ, ಗಾಜಿನ ಬಳೆಗಳು, ಕೆಂಪು ಕಾಗದದ ಲಾಟೀನುಗಳು, ಜೊತೆಗೆ ನಮ್ಮ ನಮ್ಮ ದೇಶಗಳಿಗೆ ಗುಂಡುಸೂಜಿ ಚುಚ್ಚಿದ ಒಂದು ಭೂಪಟವನ್ನು ಇಟ್ಟಿದ್ದೆವು. ನಾಲ್ಕನೇ ತರಗತಿಯ ಒಬ್ಬ ಹುಡುಗ ಬಳೆಗಳನ್ನು ಒಂದೊಂದಾಗಿ ಮುಟ್ಟಿ ನೋಡಿ, ಫಲಕವನ್ನು ಕೊನೆಯವರೆಗೆ ಓದಿ, "ಇದು ಮೇ ತಿಂಗಳಲ್ಲೇ ಏಕೆ?" ಎಂದು ಕೇಳಿದ. ಮೇಜಿನ ಹಿಂದೆ ನಾಲ್ವರು ದೊಡ್ಡವರು ನಿಂತಿದ್ದೆವು. ಒಬ್ಬರಿಗೂ ಉತ್ತರ ತಿಳಿದಿರಲಿಲ್ಲ. ಜೂನ್‌ನಲ್ಲಿ ಶಾಲೆ ಮುಗಿಯುತ್ತದಲ್ಲ, ಅದಕ್ಕೇ ಇರಬೇಕು ಎಂದು ನಮ್ಮಲ್ಲೊಬ್ಬರು ಹೇಳಿದರು. ಹುಡುಗ ಅದನ್ನು ನಂಬಲಿಲ್ಲ ಎಂಬುದು ಅವನ ಮುಖದಲ್ಲೇ ಕಾಣುತ್ತಿತ್ತು.

ಆ ಮೇಲೆ ಕಚೇರಿಯಲ್ಲೂ ನೆರೆಹೊರೆಯಲ್ಲೂ ಸುಮ್ಮನೆ ಕೇಳಿ ನೋಡಿದೆ. ಫೆಬ್ರುವರಿ ಕಪ್ಪು ಜನರ ಇತಿಹಾಸದ ತಿಂಗಳು ಎಂಬುದು ಎಲ್ಲರಿಗೂ ಗೊತ್ತು. ಮಾರ್ಚ್ ಮಹಿಳೆಯರದ್ದು ಎಂಬುದು ಬಹಳ ಮಂದಿಗೆ ಗೊತ್ತು. ಹಿಸ್ಪ್ಯಾನಿಕ್ ಪರಂಪರೆಯ ತಿಂಗಳು ಸೆಪ್ಟೆಂಬರ್ ನಡುವಿನಲ್ಲಿ ಶುರುವಾಗುತ್ತದೆ ಎಂದಾಗ ಕೆಲವರು ನಕ್ಕರು. ಮೂಲನಿವಾಸಿಗಳಿಗೂ ಒಂದು ತಿಂಗಳಿದೆ ಎಂಬುದನ್ನು ಇಬ್ಬರು ಮಾತ್ರ ಕೇಳಿ ಬಲ್ಲವರಾಗಿದ್ದರು. ಏಕೆ ಆ ತಿಂಗಳು, ಯಾರು ಗೊತ್ತುಮಾಡಿದರು ಎಂಬ ಮುಂದಿನ ಪ್ರಶ್ನೆಗೆ ಬಂದಾಗ ಎಲ್ಲರೂ ನನ್ನಂತೆಯೇ.

ಈ ಬಾರಿಯೂ ಮೇಜು ನಮ್ಮದೇ. ಆದ್ದರಿಂದ ತಿಳಿದವರನ್ನು ಕೇಳುತ್ತಿದ್ದೇನೆ. ಈ ತಿಂಗಳುಗಳನ್ನು ಗೊತ್ತುಮಾಡುವವರು ಯಾರು, ಮೇ ತಿಂಗಳಿಗೆ ಕಾರಣವೇನು? ಸೀರೆ, ಬಳೆ, ಲಾಟೀನುಗಳನ್ನು ದಾಟಿ ಮಕ್ಕಳ ತಲೆಗೆ ಏನಾದರೂ ಇಳಿಯುವಂತೆ ಮಾಡಲು ಸಾಧ್ಯವೇ? ಅಥವಾ, ನನ್ನ ಯಜಮಾನರು ಹೇಳುವಂತೆ, ಇದೆಲ್ಲ ಕೇವಲ ಶಾಸ್ತ್ರಕ್ಕೆ ಮಾಡುವ ಕೆಲಸವೇ?

ಉತ್ತರ 1: ಕ್ಯಾಲಿಫೋರ್ನಿಯಾದ ಒಬ್ಬ ಇತಿಹಾಸ ಶಿಕ್ಷಕ

ಆ ಹುಡುಗ ಕೇಳಿದ್ದು ಸರಿಯಾದ ಪ್ರಶ್ನೆ. ಇತಿಹಾಸದ ಪಾಠ ಶುರುವಾಗಬೇಕಾದದ್ದೇ ಅಲ್ಲಿಂದ. ಮೇ ತಿಂಗಳ ಕಥೆಯನ್ನು ಸ್ವಲ್ಪ ವಿವರವಾಗಿಯೇ ಹೇಳುತ್ತೇನೆ. ಉಳಿದವುಗಳ ಬಗ್ಗೆ ಅಷ್ಟು ಹೇಳುವುದಿಲ್ಲ.

1976ರಲ್ಲಿ ಅಮೆರಿಕ ತನ್ನ ಸ್ವಾತಂತ್ರ್ಯದ ಇನ್ನೂರನೇ ವರ್ಷವನ್ನು ಆಚರಿಸಿತು. ಆಗ ವಾಷಿಂಗ್ಟನ್ನಿನಲ್ಲಿ ಸಂಸತ್ತಿನ ಸಿಬ್ಬಂದಿಯಾಗಿದ್ದ ಜೀನಿ ಜ್ಯೂ ಎಂಬ ಚೀನೀ ಮೂಲದ ಮಹಿಳೆ, ಅಷ್ಟು ದೊಡ್ಡ ಸಂಭ್ರಮದಲ್ಲಿ ಏಷ್ಯಾದವರ ಸುಳಿವೇ ಇಲ್ಲವೆಂಬುದನ್ನು ಗಮನಿಸಿದರು. ಅವರ ಮುತ್ತಜ್ಜ ರೈಲು ಹಳಿ ಹಾಕಲು ಬಂದವರು. ಆಮೇಲೆ ಕ್ಯಾಲಿಫೋರ್ನಿಯಾದಲ್ಲಿ ವ್ಯಾಪಾರ ಮಾಡಿ ಹೆಸರು ಗಳಿಸಿದ್ದರೂ, ಆರೆಗಾನ್‌ನಲ್ಲಿ ಚೀನೀಯರ ಮೇಲೆ ದೌರ್ಜನ್ಯ ನಡೆಯುತ್ತಿದ್ದಾಗ ಅಲ್ಲಿಗೆ ಹೋಗಿ ಕೊಲೆಯಾದರು. ಜೀನಿ ಜ್ಯೂ ಈ ವಿಷಯವನ್ನು ನ್ಯೂಯಾರ್ಕಿನ ಪ್ರತಿನಿಧಿ ಫ್ರಾಂಕ್ ಹಾರ್ಟನ್ ಅವರ ಮುಂದಿಟ್ಟರು. 1977ರಲ್ಲಿ ಹಾರ್ಟನ್ ಮತ್ತು ನಾರ್ಮನ್ ಮಿನೇಟಾ ಕೆಳಮನೆಯಲ್ಲಿ, ಡೇನಿಯಲ್ ಇನೊಯೆ ಮತ್ತು ಸ್ಪಾರ್ಕ್ ಮಾತ್ಸುನಾಗಾ ಸೆನೆಟ್‌ನಲ್ಲಿ ನಿರ್ಣಯಗಳನ್ನು ಮಂಡಿಸಿದರು. ಅವರು ಕೇಳಿದ್ದು ತಿಂಗಳನ್ನಲ್ಲ, ಒಂದು ವಾರವನ್ನು. ಮೇ ತಿಂಗಳ ಮೊದಲ ಹತ್ತು ದಿನಗಳಲ್ಲೇ ಆ ವಾರ ಬರಬೇಕೆಂದು ಕೇಳಿದ್ದಕ್ಕೆ ಎರಡು ತಾರೀಖುಗಳು ಕಾರಣ. 1843ರ ಮೇ 7ರಂದು ಮಂಜಿರೊ ಎಂಬ ಜಪಾನೀ ಹುಡುಗ ಅಮೆರಿಕದ ನೆಲಕ್ಕೆ ಕಾಲಿಟ್ಟ. ಈ ದೇಶಕ್ಕೆ ಬಂದು ನೆಲೆಸಿದ ಮೊದಲ ಜಪಾನೀಯನೆಂದು ಅವನನ್ನು ಗುರುತಿಸುತ್ತಾರೆ. 1869ರ ಮೇ 10ರಂದು ಯೂಟಾದ ಪ್ರಾಮಂಟರಿ ಸಮಿಟ್‌ನಲ್ಲಿ ಪೂರ್ವ ಪಶ್ಚಿಮಗಳನ್ನು ಸೇರಿಸುವ ರೈಲುಹಾದಿ ಪೂರ್ಣಗೊಂಡಿತು.

ಈ ಎರಡನೆಯ ತಾರೀಖಿನ ಒಂದು ಛಾಯಾಚಿತ್ರವಿದೆ. ಆಂಡ್ರ್ಯೂ ರಸೆಲ್ ತೆಗೆದದ್ದು. ಪಠ್ಯಪುಸ್ತಕಗಳಲ್ಲಿ ನೀವು ನೋಡಿಯೇ ಇರುತ್ತೀರಿ. ಎರಡು ಎಂಜಿನ್‌ಗಳು ಮುಖಾಮುಖಿ ನಿಂತಿವೆ, ಅವುಗಳ ಮೇಲೆ ಹತ್ತಿದ ಗಂಡಸರು ಬಾಟಲಿಗಳನ್ನು ಚಾಚುತ್ತಿದ್ದಾರೆ, ನಡುವೆ ಇಬ್ಬರು ಎಂಜಿನಿಯರುಗಳು ಕೈ ಕುಲುಕುತ್ತಿದ್ದಾರೆ. ಪಶ್ಚಿಮದಿಂದ ಹಳಿ ಹಾಕಿಕೊಂಡು ಬಂದ ಸೆಂಟ್ರಲ್ ಪೆಸಿಫಿಕ್ ಕಂಪನಿಯ ಕಾರ್ಮಿಕರಲ್ಲಿ ಬಹುಪಾಲು ಚೀನೀಯರು. ಸಿಯೆರಾ ನೆವಾಡಾ ಬೆಟ್ಟಗಳ ಗ್ರಾನೈಟ್ ಕಲ್ಲಿನಲ್ಲಿ ಸುರಂಗ ಕೊರೆದವರು, ಹಿಮಪಾತಗಳಲ್ಲಿ ಸತ್ತವರು ಅವರೇ. ಹತ್ತು ಸಾವಿರಕ್ಕೂ ಹೆಚ್ಚು ಜನ ದುಡಿದ ಕೆಲಸದ ಕೊನೆಯ ದಿನದ ಆ ಚಿತ್ರದಲ್ಲಿ ಅವರನ್ನು ಹುಡುಕಿದರೂ ಸಿಗುವುದು ಕಷ್ಟ. ನಾನು ತರಗತಿಯಲ್ಲಿ ಬೇರೆ ಏನನ್ನೂ ಹೇಳದೆ ಈ ಚಿತ್ರವನ್ನು ಪರದೆಯ ಮೇಲೆ ಹಾಕಿ ಐದು ನಿಮಿಷ ಸುಮ್ಮನಿರುತ್ತೇನೆ. ಯಾರಾದರೊಬ್ಬರು ಕೇಳಿಯೇ ಕೇಳುತ್ತಾರೆ. ಹದಿಮೂರು ವರ್ಷಗಳ ಮೇಲೆ, 1882ರಲ್ಲಿ, ಚೀನೀ ಕಾರ್ಮಿಕರು ದೇಶದೊಳಗೆ ಬರುವುದನ್ನೇ ತಡೆಯುವ ಕಾಯ್ದೆ ಬಂತು. ಅದು ರದ್ದಾದದ್ದು 1943ರಲ್ಲಿ.

ನಾರ್ಮನ್ ಮಿನೇಟಾ ಅವರ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. ಜಪಾನ್ ಜೊತೆ ಯುದ್ಧ ನಡೆಯುತ್ತಿದ್ದ 1942ರಲ್ಲಿ ಜಪಾನೀ ಮೂಲದ ಸುಮಾರು 1,20,000 ಜನರನ್ನು ಬಂಧನ ಶಿಬಿರಗಳಿಗೆ ಸಾಗಿಸಿದಾಗ ಅವರು ಹತ್ತು ವರ್ಷದ ಬಾಲಕ. ರೈಲು ಹತ್ತುವಾಗ ಅವರ ಕೈಯಲ್ಲಿದ್ದ ಬೇಸ್‌ಬಾಲ್ ಬ್ಯಾಟನ್ನು ಸೈನಿಕರು ಆಯುಧವಾಗಬಹುದೆಂದು ಕಿತ್ತುಕೊಂಡರು. ಆ ಬಾಲಕನೇ ಮುಂದೆ ಸಂಸತ್ತಿನ ಸದಸ್ಯನಾಗಿ ಈ ನಿರ್ಣಯವನ್ನು ಮಂಡಿಸಿದವರಲ್ಲಿ ಒಬ್ಬನಾದದ್ದು. ಹತ್ತು ವರ್ಷದ ಮಕ್ಕಳಿಗೆ ಹೇಳಲು ಇದಕ್ಕಿಂತ ಹತ್ತಿರದ ಸಂಗತಿ ನನಗೆ ತೋಚುವುದಿಲ್ಲ.

ಇನ್ನು ನಿಮ್ಮ ಮೊದಲ ಪ್ರಶ್ನೆಯ ಉಳಿದ ಭಾಗ. 1978ರಲ್ಲಿ ಅಧ್ಯಕ್ಷ ಕಾರ್ಟರ್ ಸಹಿ ಹಾಕಿ 1979ರಲ್ಲಿ ಮೊದಲ ವಾರ ನಡೆಯಿತು. 1990ರಲ್ಲಿ ವಾರವು ತಿಂಗಳಾಯಿತು. 1992ರ ಕಾನೂನು ಪ್ರತಿ ಮೇ ತಿಂಗಳನ್ನೂ ಶಾಶ್ವತವಾಗಿ ಗೊತ್ತುಮಾಡಿತು. ಹಿಸ್ಪ್ಯಾನಿಕ್ ಪರಂಪರೆಯದ್ದೂ ಇದೇ ದಾರಿ: 1968ರಲ್ಲಿ ವಾರ, 1988ರ ಕಾನೂನಿನಿಂದ ತಿಂಗಳು. ಅದು ಸೆಪ್ಟೆಂಬರ್ 15ಕ್ಕೆ ಶುರುವಾಗುವುದರಲ್ಲಿ ನಗುವಂಥದ್ದೇನೂ ಇಲ್ಲ. ಕೋಸ್ಟರಿಕಾ, ಎಲ್ ಸಾಲ್ವಡಾರ್, ಗ್ವಾಟೆಮಾಲಾ, ಹೊಂಡುರಾಸ್, ನಿಕರಾಗ್ವಾ ಈ ಐದೂ ದೇಶಗಳ ಸ್ವಾತಂತ್ರ್ಯ ದಿನ ಅದು, ಮರುದಿನ ಮೆಕ್ಸಿಕೊ, 18ಕ್ಕೆ ಚಿಲಿ. ಹೀಗೆ ಸಂಸತ್ತಿನ ಕಾನೂನಿನಿಂದ ಬಂದವು ಕೆಲವು. ಸ್ಮರಣೆಯ ದಿನ, ವಾರಗಳ ಮಸೂದೆಗಳೇ ಅತಿಯಾದವೆಂದು 1995ರಲ್ಲಿ ಕೆಳಮನೆಯು ಅಂಥ ಮಸೂದೆಗಳಿಗೆ ತನ್ನ ನಿಯಮದಲ್ಲೇ ತಡೆ ಹಾಕಿಕೊಂಡಿತು. ಆ ಮೇಲೆ ಬಂದ ಯಹೂದಿ ಅಮೆರಿಕನ್ನರ ತಿಂಗಳು, ಕೆರಿಬಿಯನ್ ಅಮೆರಿಕನ್ನರ ತಿಂಗಳು, ಎರಡೂ 2006ರಲ್ಲಿ, ಅಧ್ಯಕ್ಷರ ಘೋಷಣೆಯ ರೂಪದಲ್ಲಿ ಬಂದವು. ಇವುಗಳಲ್ಲಿ ಯಾವುದಕ್ಕೂ ರಜೆಯಿಲ್ಲ, ಯಾವ ಶಾಲೆಯೂ ಇಂಥದ್ದನ್ನು ಮಾಡಲೇಬೇಕೆಂಬ ಕಟ್ಟಳೆಯಿಲ್ಲ. ಜನರ ಅರಿವು ತೆಳುವಾಗಿರುವುದಕ್ಕೆ ಇದೂ ಒಂದು ಕಾರಣ ಎಂದು ನನಗನ್ನಿಸುತ್ತದೆ. ರಜೆ ಸಿಗುವ ದಿನದ ಕಾರಣವನ್ನೇ ಜನ ಕೇಳುವುದಿಲ್ಲ. ರಜೆಯಿಲ್ಲದ ತಿಂಗಳಿನ ಕಾರಣವನ್ನು ಯಾರು ಕೇಳಬೇಕು?

ಉತ್ತರ 2: ಇಲಿನಾಯ್‌ನಿಂದ

ಮೇಡಂ, ನಾನು ನಿಮ್ಮ ಯಜಮಾನರ ಪಕ್ಷ. ಮೇಲಿನ ಶಿಕ್ಷಕರು ಹೇಳಿದ ಇತಿಹಾಸದಲ್ಲಿ ನನ್ನ ತಕರಾರಿಲ್ಲ. ಆದರೆ ಆ ಇತಿಹಾಸವನ್ನು ತಿಂಗಳಿನ ಪೆಟ್ಟಿಗೆಯಲ್ಲಿಟ್ಟು ವರ್ಷಕ್ಕೊಮ್ಮೆ ತೆಗೆಯುವುದರಿಂದ ಏನಾಯಿತು ಎಂಬುದಕ್ಕೆ ನೀವು ಕಚೇರಿಯಲ್ಲಿ ಕೇಳಿ ಬಂದ ಉತ್ತರಗಳೇ ಸಾಕ್ಷಿ.

ಇದನ್ನೆಲ್ಲ ಆರಂಭಿಸಿದವರು ಕಾರ್ಟರ್ ಜಿ. ವುಡ್ಸನ್. ಗುಲಾಮಗಿರಿಯಿಂದ ಬಿಡುಗಡೆಯಾದ ತಂದೆತಾಯಿಯ ಮಗ, 1875ರಲ್ಲಿ ವರ್ಜೀನಿಯಾದಲ್ಲಿ ಹುಟ್ಟಿ, ಕಲ್ಲಿದ್ದಲು ಗಣಿಯಲ್ಲಿ ದುಡಿದು, 1912ರಲ್ಲಿ ಹಾರ್ವರ್ಡ್‌ನಿಂದ ಡಾಕ್ಟರೇಟ್ ಪಡೆದವರು. 1915ರಲ್ಲಿ ಷಿಕಾಗೊದಲ್ಲಿ ಕಪ್ಪು ಜನರ ಬದುಕು ಮತ್ತು ಇತಿಹಾಸದ ಅಧ್ಯಯನಕ್ಕೊಂದು ಸಂಘವನ್ನು ಕಟ್ಟಿ, 1926ರಲ್ಲಿ ಫೆಬ್ರುವರಿಯ ಎರಡನೇ ವಾರವನ್ನು ಆ ಇತಿಹಾಸಕ್ಕೆಂದು ಗೊತ್ತುಮಾಡಿದರು. ಲಿಂಕನ್ ಹುಟ್ಟಿದ 12ನೇ ತಾರೀಖು, ಗುಲಾಮಗಿರಿಯ ವಿರುದ್ಧ ಹೋರಾಡಿದ ಫ್ರೆಡರಿಕ್ ಡಗ್ಲಸ್ ಅವರ ಜನ್ಮದಿನವೆಂದು ಆಚರಿಸುತ್ತಿದ್ದ 14ನೇ ತಾರೀಖು, ಎರಡನ್ನೂ ಜನ ಮೊದಲೇ ಆಚರಿಸುತ್ತಿದ್ದರು; ವುಡ್ಸನ್ ಇರುವ ಅಭ್ಯಾಸದ ಮೇಲೆಯೇ ಹೊಸದನ್ನು ಕಟ್ಟಿದರು. "ಎಲ್ಲ ಬಿಟ್ಟು ವರ್ಷದ ಅತಿ ಚಿಕ್ಕ ತಿಂಗಳನ್ನು ಕೊಟ್ಟಿದ್ದಾರೆ" ಎಂದು ಗೊಣಗುವವರಿಗೆ ಇದು ತಿಳಿದಿರುವುದಿಲ್ಲ. ಯಾರೂ ಕೊಟ್ಟದ್ದಲ್ಲ, ಅವರೇ ಆರಿಸಿಕೊಂಡದ್ದು. ಕೆಂಟ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಕಪ್ಪು ವಿದ್ಯಾರ್ಥಿಗಳೂ ಅಧ್ಯಾಪಕರೂ ಸೇರಿ 1970ರಲ್ಲಿ ಅದನ್ನು ತಿಂಗಳಾಗಿ ಆಚರಿಸಿದರು. ಅಧ್ಯಕ್ಷ ಫೋರ್ಡ್ ಮನ್ನಣೆ ಕೊಟ್ಟದ್ದು 1976ರಲ್ಲಿ. ಅಂದರೆ ಜನ ಐವತ್ತು ವರ್ಷ ನಡೆಸಿಕೊಂಡು ಬಂದದ್ದಕ್ಕೆ ಸರ್ಕಾರ ಕೊನೆಯಲ್ಲಿ ಬಂದು ಮುದ್ರೆ ಒತ್ತಿತು.

ವುಡ್ಸನ್ ಅವರ ಲೆಕ್ಕದಲ್ಲಿ ಆ ವಾರವು ಪರೀಕ್ಷೆಯಂಥದ್ದು: ವರ್ಷವಿಡೀ ಕಲಿತದ್ದನ್ನು ಮಕ್ಕಳು ಆ ವಾರದಲ್ಲಿ ತೋರಿಸಬೇಕು. ಈಗ ನಾವು ಪಾಠವನ್ನು ಬಿಟ್ಟು ಪರೀಕ್ಷೆಯನ್ನಷ್ಟೇ ಉಳಿಸಿಕೊಂಡಿದ್ದೇವೆ. ನಟ ಮಾರ್ಗನ್ ಫ್ರೀಮನ್ 2005ರ ಒಂದು ಟಿವಿ ಸಂದರ್ಶನದಲ್ಲಿ ತಮಗೆ ಇಂಥ ತಿಂಗಳು ಬೇಡವೆಂದೂ ಕಪ್ಪು ಜನರ ಇತಿಹಾಸವೇ ಅಮೆರಿಕದ ಇತಿಹಾಸವೆಂದೂ ಹೇಳಿದಾಗ ಬಹಳ ಮಂದಿ ಸಿಟ್ಟಾದರು. ನನಗೆ ಅವರ ಮಾತಿನಲ್ಲಿ ವುಡ್ಸನ್ ಅವರ ಅಸಮಾಧಾನವೇ ಕೇಳಿಸಿತು.

ಇನ್ನೊಂದು ತೊಂದರೆಯೂ ಇದೆ. ನಾನು ಕೆಲಸ ಮಾಡುವ ಕಂಪನಿಯಲ್ಲಿ ಕೆಲವು ವರ್ಷ ಪ್ರತಿ ತಿಂಗಳೂ ಲಾಂಛನದ ಬಣ್ಣ ಬದಲಾಗುತ್ತಿತ್ತು, ಮಿಂಚಂಚೆ ಬರುತ್ತಿತ್ತು, ಊಟದ ಮನೆಯಲ್ಲಿ ವಿಶೇಷ ಅಡುಗೆ ಇರುತ್ತಿತ್ತು. ಒಂದು ವರ್ಷ ಎಲ್ಲವೂ ಸದ್ದಿಲ್ಲದೆ ನಿಂತುಹೋಯಿತು. ಏಕೆ ನಿಂತಿತೆಂದು ಯಾರೂ ಕೇಳಲಿಲ್ಲ, ಏಕೆಂದರೆ ಏಕೆ ಇತ್ತೆಂದೂ ಯಾರೂ ಕೇಳಿರಲಿಲ್ಲ. ದೊಡ್ಡ ಮಟ್ಟದಲ್ಲೂ ಹಾಗೆಯೇ ಆಯಿತು. 2025ರ ಜನವರಿ 31ರಂದು ರಕ್ಷಣಾ ಇಲಾಖೆಯು ಇಂಥ ತಿಂಗಳುಗಳ ಆಚರಣೆಗೆ ಸರ್ಕಾರಿ ಸಂಪನ್ಮೂಲವನ್ನಾಗಲಿ ನೌಕರರ ಕೆಲಸದ ವೇಳೆಯನ್ನಾಗಲಿ ಬಳಸಬಾರದೆಂದು ಸೂಚಿಸಿತು. ಅದೇ ಹೊತ್ತಿನಲ್ಲಿ ಅಧ್ಯಕ್ಷರು ಫೆಬ್ರುವರಿಯ ಎಂದಿನ ಘೋಷಣೆಯನ್ನೂ ಹೊರಡಿಸಿದರು ಎಂಬುದು ಬೇರೆ ಮಾತು. ಗೂಗಲ್ ಕ್ಯಾಲೆಂಡರ್‌ನಲ್ಲಿ ತಾನಾಗಿ ಕಾಣಿಸುತ್ತಿದ್ದ ಈ ತಿಂಗಳುಗಳು ಇಲ್ಲವಾಗಿರುವುದು 2025ರ ಫೆಬ್ರುವರಿಯಲ್ಲಿ ಸುದ್ದಿಯಾಯಿತು; ಕಂಪನಿಯು ಅವನ್ನು 2024ರ ನಡುವಿನಲ್ಲೇ ತೆಗೆದಿತ್ತು. ಅಷ್ಟು ತಿಂಗಳು ಯಾರ ಕಣ್ಣಿಗೂ ಅದು ಅಷ್ಟಾಗಿ ಬೀಳದಿದ್ದುದೇ ನೀವು ಕೇಳುತ್ತಿರುವ ಸಾರ್ವಜನಿಕ ಅರಿವಿನ ಅಳತೆ ಎಂದು ನಾನು ಹೇಳುತ್ತೇನೆ.

ನನ್ನ ಸಲಹೆ ಇಷ್ಟೇ. ಮೇಜಿಗಿಂತ ಪಠ್ಯಕ್ರಮದ ಬಗ್ಗೆ ಕೇಳಿ. 2021ರಲ್ಲಿ ನಮ್ಮ ಇಲಿನಾಯ್ ರಾಜ್ಯವು ಸರ್ಕಾರಿ ಶಾಲೆಗಳಲ್ಲಿ ಏಷ್ಯನ್ ಅಮೆರಿಕನ್ನರ ಇತಿಹಾಸವನ್ನು ಕಡ್ಡಾಯವಾಗಿ ಕಲಿಸಬೇಕೆಂದು ಕಾನೂನು ಮಾಡಿದ ಮೊದಲ ರಾಜ್ಯವಾಯಿತು. 2022ರ ಜನವರಿಯಲ್ಲಿ ನಿಮ್ಮ ನ್ಯೂಜೆರ್ಸಿಯೂ ಅಂಥದ್ದೇ ಕಾನೂನು ಮಾಡಿದೆ. ನಿಮ್ಮ ಶಾಲೆ ಅದನ್ನು ಯಾವ ತರಗತಿಯಲ್ಲಿ, ಯಾವ ಪಾಠದಲ್ಲಿ ಜಾರಿಗೆ ತಂದಿದೆ ಎಂದು ಪೋಷಕ-ಶಿಕ್ಷಕ ಸಂಘದ ಮುಂದಿನ ಸಭೆಯಲ್ಲಿ ಒಂದು ಪ್ರಶ್ನೆ ಎತ್ತಿ ನೋಡಿ. ಬಳೆ ಲಾಟೀನುಗಳಿಂದ ಆಗದ ಕೆಲಸ ಆ ಒಂದು ಪ್ರಶ್ನೆಯಿಂದ ಆದೀತು.

ಉತ್ತರ 3: ಟೊರೊಂಟೊದಿಂದ

ಇಲಿನಾಯ್‌ನ ಸ್ನೇಹಿತರ ಮಾತಿನಲ್ಲಿ ಹುರುಳಿದೆ. ಆದರೂ ತಿಂಗಳೇ ಇಲ್ಲದಿದ್ದರೆ ಪಠ್ಯಕ್ರಮದ ಕಾನೂನು ಬರುತ್ತಿತ್ತೇ ಎಂದು ನಾನು ಕೇಳಬೇಕಾಗಿದೆ. ಅಂಥ ಕಾನೂನಿಗೆ ಓಡಾಡುವವರಿಗೆ ಶಾಸಕರ ಬಾಗಿಲು ತಟ್ಟಲು ಒಂದು ನೆಪ ಬೇಕಾಗುತ್ತದೆ. ತಿಂಗಳು ಆ ನೆಪವನ್ನು ಒದಗಿಸುತ್ತದೆ.

ಕೆನಡಾದಲ್ಲಿ ಇದು ಇನ್ನಷ್ಟು ದೂರ ಹೋಗಿದೆ. ಇಲ್ಲಿನ ಸಂಸತ್ತಿಗೆ ಆಯ್ಕೆಯಾದ ಮೊದಲ ಕಪ್ಪು ಮಹಿಳೆ ಜೀನ್ ಆಗಸ್ಟೀನ್ 1995ರ ಡಿಸೆಂಬರ್‌ನಲ್ಲಿ ಮಂಡಿಸಿದ ನಿರ್ಣಯದಿಂದ ಫೆಬ್ರುವರಿಯ ಕಪ್ಪು ಜನರ ಇತಿಹಾಸದ ತಿಂಗಳು ದೇಶವ್ಯಾಪಿಯಾಯಿತು. ಆ ಮೇಲೆ ಒಂದೊಂದೇ ಸೇರುತ್ತ ಜನವರಿ ತಮಿಳರದ್ದು, ಏಪ್ರಿಲ್ ಸಿಖ್ಖರದ್ದು, ಮೇ ಏಷ್ಯನ್ನರದ್ದು, ಜೂನ್ ಮೂಲನಿವಾಸಿಗಳದ್ದು, ನವೆಂಬರ್ ಹಿಂದೂಗಳದ್ದು ಎಂದಾಗಿದೆ. ಈ ಕೊನೆಯದನ್ನು 2022ರಲ್ಲಿ ತಂದ ಸಂಸದರು ಚಂದ್ರ ಆರ್ಯ. ಅದೇ ವರ್ಷದ ಮೇ ತಿಂಗಳಲ್ಲಿ ಕೆನಡಾದ ಸಂಸತ್ತಿನಲ್ಲಿ ಕನ್ನಡದಲ್ಲಿ ಮಾತನಾಡಿದವರೂ ಅವರೇ ಎಂಬುದು ಇಲ್ಲಿನ ಓದುಗರಿಗೆ ನೆನಪಿರಬಹುದು. ಆ ವಿಡಿಯೊವನ್ನು ನನಗೆ ಕನಿಷ್ಠ ಮೂವತ್ತು ಜನ ಕಳುಹಿಸಿದ್ದರು. ನವೆಂಬರ್ ತಿಂಗಳ ವಿಷಯವನ್ನು ಒಬ್ಬರೂ ಕಳುಹಿಸಲಿಲ್ಲ.

ಇಷ್ಟೊಂದು ತಿಂಗಳುಗಳಾದರೆ ಯಾವುದೂ ಯಾರಿಗೂ ನೆನಪಿರುವುದಿಲ್ಲ ಎಂಬ ದೂರು ಇಲ್ಲೂ ಇದೆ. ನನ್ನ ಅನುಭವ ಅದಕ್ಕೆ ಪೂರ್ತಿ ಹೊಂದುವುದಿಲ್ಲ. ಯಾವ ತಿಂಗಳ ಹಿಂದೆ ಒಂದು ಗಟ್ಟಿ ಘಟನೆ ನಿಂತಿದೆಯೋ ಅದು ಉಳಿಯುತ್ತದೆ. 1914ರ ಮೇ 23ರಂದು ಕೊಮಗಾಟ ಮಾರು ಎಂಬ ಹಡಗು 376 ಪ್ರಯಾಣಿಕರೊಂದಿಗೆ ವ್ಯಾಂಕೂವರ್ ಬಂದರಿಗೆ ಬಂತು. ಹೆಚ್ಚಿನವರು ಪಂಜಾಬಿನವರು, ಎಲ್ಲರೂ ಬ್ರಿಟಿಷ್ ಪ್ರಜೆಗಳು. ಸ್ವದೇಶದಿಂದ ಎಲ್ಲೂ ಇಳಿಯದೆ ನೇರವಾಗಿ ಬಂದವರಿಗಷ್ಟೇ ಪ್ರವೇಶ ಎಂಬ ನಿಯಮವಿತ್ತು, ಭಾರತದಿಂದ ಅಂಥ ನೇರ ಪ್ರಯಾಣಕ್ಕೆ ಅವಕಾಶವೇ ಇರಲಿಲ್ಲ. ನಿಯಮದ ಉದ್ದೇಶವೇ ಅದು. ದಡ ಕಣ್ಣಿಗೆ ಕಾಣುವಷ್ಟು ಹತ್ತಿರದಲ್ಲಿ ಎರಡು ತಿಂಗಳು ನಿಲ್ಲಿಸಿಕೊಂಡು, ಜುಲೈ 23ರಂದು ಹಡಗನ್ನು ಹಿಂದಕ್ಕೆ ಕಳುಹಿಸಿದರು. 2016ರ ಮೇ 18ರಂದು ಪ್ರಧಾನಿ ಟ್ರೂಡೊ ಸಂಸತ್ತಿನಲ್ಲಿ ಕ್ಷಮೆ ಕೇಳಿದರು. ಈ ಒಂದು ಕಥೆಯನ್ನು ಕೇಳಿದ ನನ್ನ ಮಗನ ಸಹಪಾಠಿಗಳಿಗೆ ಮೇ ತಿಂಗಳು ಏಷ್ಯನ್ನರದ್ದೆಂದು ಬೇರೆ ಹೇಳಬೇಕಾಗಿಲ್ಲ.

ಬ್ರಿಟನ್ನಿನ ಉದಾಹರಣೆಯನ್ನೂ ನೋಡಿ. ಅಲ್ಲಿ ಕಪ್ಪು ಜನರ ಇತಿಹಾಸದ ತಿಂಗಳು ಅಕ್ಟೋಬರ್. ಘಾನಾದಿಂದ ಬಂದು ಲಂಡನ್ನಿನ ನಗರಾಡಳಿತದಲ್ಲಿ ಕೆಲಸ ಮಾಡುತ್ತಿದ್ದ ಅಕ್ಯಾಬಾ ಅಡ್ಡೈ-ಸೆಬೊ 1987ರಲ್ಲಿ ಅದನ್ನು ಆರಂಭಿಸಿದರು. ಸಹೋದ್ಯೋಗಿಯೊಬ್ಬರ ಪುಟ್ಟ ಮಗ, ಕಪ್ಪು ಜನರ ನಾಯಕ ಮಾರ್ಕಸ್ ಗಾರ್ವಿಯ ಹೆಸರನ್ನೇ ಇಟ್ಟುಕೊಂಡಿದ್ದವನು, ತಾನೇಕೆ ಬಿಳಿಯನಾಗಲಾರೆ ಎಂದು ತಾಯಿಯನ್ನು ಕೇಳಿದನೆಂಬುದು ಅವರನ್ನು ಕಲಕಿತ್ತು. ದಕ್ಷಿಣ ಏಷ್ಯಾದವರ ಪರಂಪರೆಯ ತಿಂಗಳನ್ನು 2020ರಲ್ಲಿ ಮೊದಲ ಬಾರಿ ಆಚರಿಸಿದಾಗ ಅದಕ್ಕೆ ಇಟ್ಟ ಮೇರೆಗಳು ಜುಲೈ 18 ಮತ್ತು ಆಗಸ್ಟ್ 17. ಮೊದಲನೆಯದು 1947ರಲ್ಲಿ ಭಾರತ ಸ್ವಾತಂತ್ರ್ಯ ಕಾಯ್ದೆಗೆ ದೊರೆಯ ಅಂಕಿತ ಬಿದ್ದ ದಿನ, ಎರಡನೆಯದು ಭಾರತ ಪಾಕಿಸ್ತಾನಗಳನ್ನು ಬೇರ್ಪಡಿಸಿದ ರ‍್ಯಾಡ್‌ಕ್ಲಿಫ್ ಗಡಿರೇಖೆ ಪ್ರಕಟವಾದ ದಿನ. ತಾರೀಖು ಕೇಳಿದರೆ ಸಾಕು, ಇತಿಹಾಸವನ್ನು ಹೇಳಲೇಬೇಕಾಗುತ್ತದೆ. ಹೀಗೆ ಆರಿಸಿದವರ ಜಾಣತನವನ್ನು ನಾನು ಮೆಚ್ಚಿದೆ.

ಉತ್ತರ 4: ವಾಷಿಂಗ್ಟನ್ ರಾಜ್ಯದ ಸಾರ್ವಜನಿಕ ಗ್ರಂಥಾಲಯವೊಂದರಲ್ಲಿ ಕೆಲಸ ಮಾಡುವವಳು

ಮೇಜು ಜೋಡಿಸುವುದು ನನ್ನ ಉದ್ಯೋಗದ ಭಾಗವೇ ಆಗಿರುವುದರಿಂದ ಒಂದೆರಡು ಮಾತು. ನಮ್ಮಲ್ಲಿ ಬಾಗಿಲಿನ ಎದುರಿಗೆ ಒಂದು ಕಪಾಟಿದೆ. ಫೆಬ್ರುವರಿ 1ರಂದು ಅದರಲ್ಲಿಟ್ಟ ಪುಸ್ತಕಗಳನ್ನು ಜನ ಎರವಲು ಒಯ್ಯುತ್ತಾರೆ. ಮಾರ್ಚ್ 1ರಂದು ಅವು ಒಳಗಿನ ಸಾಲಿಗೆ ಹಿಂದಿರುಗುತ್ತವೆ. ಅಲ್ಲಿಗೆ ಹೋಗಿ ಅವನ್ನು ಕೇಳುವವರು ಕಡಿಮೆ. ಅದೇ ಪುಸ್ತಕ, ಇಪ್ಪತ್ತು ಹೆಜ್ಜೆಯ ವ್ಯತ್ಯಾಸ. ಆದ್ದರಿಂದ ತಿಂಗಳಿನಿಂದ ಏನೂ ಆಗುವುದಿಲ್ಲ ಎಂಬುದನ್ನು ನಾನು ಒಪ್ಪಲಾರೆ, ತಿಂಗಳೊಂದೇ ಸಾಕು ಎಂಬುದನ್ನೂ ಒಪ್ಪಲಾರೆ. ಈಗ ನಾವು ಕಪಾಟಿನಿಂದ ತೆಗೆಯುವಾಗ ಎರಡು ಮೂರು ಪುಸ್ತಕಗಳನ್ನು ಬೇರೆ ವಿಷಯದ ಕಪಾಟುಗಳಿಗೆ ಸೇರಿಸುತ್ತೇವೆ: ರೈಲಿನ ಕಥೆ ರೈಲುಗಳ ಪಕ್ಕದಲ್ಲಿ, ಬೇಸ್‌ಬಾಲ್ ಕಥೆ ಆಟಗಳ ಪಕ್ಕದಲ್ಲಿ.

ಮೂಲನಿವಾಸಿಗಳ ತಿಂಗಳು ಹೆಚ್ಚಿನವರಿಗೆ ತಿಳಿದಿಲ್ಲ ಎಂದು ನೀವು ಬರೆದದ್ದು ನಿಜ, ಅದಕ್ಕೆ ಕಾರಣವೂ ಕಣ್ಣೆದುರಿಗೇ ಇದೆ. 1990ರಲ್ಲಿ ಹಿರಿಯ ಬುಷ್ ಸಹಿ ಹಾಕಿದ ನಿರ್ಣಯದಿಂದ ನವೆಂಬರ್ ಅವರದ್ದಾಯಿತು. ಅದೇ ತಿಂಗಳಲ್ಲಿ, ವಲಸೆ ಬಂದವರೂ ಮೂಲನಿವಾಸಿಗಳೂ ಕೂಡಿ ಉಂಡ ನೆನಪಿನ ಹಬ್ಬವಾದ ಥ್ಯಾಂಕ್ಸ್‌ಗಿವಿಂಗ್ ಬರುತ್ತದೆ, ಮಕ್ಕಳು ಕಾಗದದ ಗರಿಗಳನ್ನು ತಲೆಗೆ ಕಟ್ಟಿಕೊಳ್ಳುತ್ತಾರೆ, ನಿಜವಾದ ಜನರು ಆ ಗರಿಗಳ ಹಿಂದೆ ಮರೆಯಾಗುತ್ತಾರೆ. ಮೂಲನಿವಾಸಿಗಳ ಪರಂಪರೆಯ ದಿನವೆಂದು ಗೊತ್ತುಮಾಡಿರುವುದು ಥ್ಯಾಂಕ್ಸ್‌ಗಿವಿಂಗ್ ಮರುದಿನದ ಶುಕ್ರವಾರವನ್ನು. ಅಂದು ದೇಶಕ್ಕೆ ದೇಶವೇ ರಿಯಾಯಿತಿ ದರದ ಖರೀದಿಗೆ ಅಂಗಡಿಗಳ ಮುಂದೆ ನಿಂತಿರುತ್ತದೆ.

ನಿಮ್ಮ ಮೇಜಿಗೆ ಬರೋಣ. ಶಿಕ್ಷಕರು ಹೇಳಿದ ಎರಡೂ ತಾರೀಖುಗಳಲ್ಲಿ ಭಾರತದವರಿಲ್ಲ. ಹಾಗೆಂದು ನಾವು ಮೊನ್ನೆ ಮೊನ್ನೆ ವಿಮಾನದಲ್ಲಿ ಬಂದಿಳಿದವರೆಂದು ಮಕ್ಕಳು ತಿಳಿಯಬಾರದು. ನಮ್ಮ ರಾಜ್ಯದ ಬೆಲಿಂಗ್‌ಹ್ಯಾಮ್‌ನಲ್ಲಿ 1907ರ ಸೆಪ್ಟೆಂಬರ್‌ನಲ್ಲಿ ಮರದ ಕಾರ್ಖಾನೆಗಳಲ್ಲಿ ದುಡಿಯುತ್ತಿದ್ದ ಪಂಜಾಬಿಗಳನ್ನು ಗುಂಪೊಂದು ಊರಿನಿಂದಲೇ ಓಡಿಸಿತು. 1923ರಲ್ಲಿ ಅಮೆರಿಕದ ಸೇನೆಯಲ್ಲಿ ಸೇವೆ ಸಲ್ಲಿಸಿದ್ದ ಭಗತ್ ಸಿಂಗ್ ಥಿಂಡ್ ಅವರ ಮೊಕದ್ದಮೆಯಲ್ಲಿ, ಸಾಮಾನ್ಯ ಜನರ ತಿಳಿವಳಿಕೆಯಂತೆ ಭಾರತೀಯರು ಬಿಳಿಯರಲ್ಲ, ಆದ್ದರಿಂದ ಪೌರತ್ವಕ್ಕೆ ಅರ್ಹರಲ್ಲ ಎಂದು ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿತು. ಮೊದಲೇ ಪೌರತ್ವ ಪಡೆದಿದ್ದವರಿಂದಲೂ ಅದನ್ನು ಕಿತ್ತುಕೊಂಡರು.

ಅವರಲ್ಲೊಬ್ಬರು ವೈಷ್ಣೋ ದಾಸ್ ಬಗಾಯಿ. 1915ರಲ್ಲಿ ಹೆಂಡತಿ ಕಲಾ ಮತ್ತು ಮೂವರು ಗಂಡುಮಕ್ಕಳೊಂದಿಗೆ ಸ್ಯಾನ್‌ಫ್ರಾನ್ಸಿಸ್ಕೊಗೆ ಬಂದು, 1921ರಲ್ಲಿ ಪೌರರಾದರು. ಬರ್ಕ್ಲಿಯಲ್ಲಿ ಮನೆ ಕೊಂಡು ಸಾಮಾನಿನೊಂದಿಗೆ ಹೋದಾಗ ನೆರೆಯವರು ಬಾಗಿಲಿಗೆ ಬೀಗ ಜಡಿದು ಒಳಗೆ ಬಿಡಲಿಲ್ಲ. ಮಕ್ಕಳಿಗೆ ಏನಾದೀತೋ ಎಂಬ ಭಯದಿಂದ ಕಲಾ ಅಲ್ಲಿ ಇರುವುದೇ ಬೇಡವೆಂದರು. ತೀರ್ಪಿನ ನಂತರ ಬಗಾಯಿ ಪೌರತ್ವ ಕಳೆದುಕೊಂಡರು, ಆಸ್ತಿಯೂ ಕೈಬಿಟ್ಟಿತು, ಭಾರತಕ್ಕೆ ಹೋಗಿ ಬರಲು ಅಮೆರಿಕದ ಪಾಸ್‌ಪೋರ್ಟ್ ಸಿಗಲಿಲ್ಲ. 1928ರಲ್ಲಿ ಅವರು ತಾವೇ ಜೀವ ಕಳೆದುಕೊಂಡರು. ಅವರು ಬರೆದಿಟ್ಟ ಪತ್ರವನ್ನು ಅಲ್ಲಿನ ಪತ್ರಿಕೆ ಪ್ರಕಟಿಸಿತು. ಕಲಾ ಬಗಾಯಿ ಮಕ್ಕಳನ್ನು ಬೆಳೆಸಿದರು, ಕಾನೂನು ಬದಲಾದ ಮೇಲೆ ಪೌರರಾದರು, ಹೊಸದಾಗಿ ಬಂದ ಎಷ್ಟೋ ಕುಟುಂಬಗಳಿಗೆ ಆಸರೆಯಾದರು. ಅವರನ್ನು ಒಳಗೆ ಬಿಡದಿದ್ದ ಅದೇ ಬರ್ಕ್ಲಿಯಲ್ಲಿ ಈಗ ಅವರ ಹೆಸರಿನ ರಸ್ತೆಯಿದೆ. ದಕ್ಷಿಣ ಏಷ್ಯಾದ ಅಮೆರಿಕನ್ನರ ದಾಖಲೆಗಳನ್ನು ಸಂಗ್ರಹಿಸುವ 'ಸಾದಾ' ಎಂಬ ಡಿಜಿಟಲ್ ಭಂಡಾರದಲ್ಲಿ ಆ ಕುಟುಂಬದ ಫೋಟೊಗಳಿವೆ. ನಿಮ್ಮ ಮೇಜಿನ ಮೇಲಿನ ಸೀರೆಯನ್ನು ತೆಗೆಯಬೇಡಿ. ಅದರ ಪಕ್ಕದಲ್ಲಿ ಕಲಾ ಅವರ ಒಂದು ಫೋಟೊವನ್ನಿಡಿ. ನೂರು ವರ್ಷದ ಹಿಂದೆಯೇ ಸೀರೆಯುಟ್ಟು ಇಲ್ಲಿ ನಡೆದಾಡಿದವರಿದ್ದರು ಎಂಬುದು ಅದರಿಂದ ತಿಳಿಯುತ್ತದೆ.

ಮತ್ತೆ ಪ್ರಶ್ನೆ ಕೇಳಿದವರಿಂದ

ಎಲ್ಲರಿಗೂ ಕೃತಜ್ಞಳು. ಇಷ್ಟು ಸಿಗುತ್ತದೆಂದು ಎಣಿಸಿರಲಿಲ್ಲ.

ಮೊನ್ನೆಯ ಸಭೆಯಲ್ಲಿ ಪಠ್ಯಕ್ರಮದ ಪ್ರಶ್ನೆಯನ್ನು ಎತ್ತಿದೆ. ಕೆಲಹೊತ್ತು ಯಾರೂ ಮಾತನಾಡಲಿಲ್ಲ. ಆಮೇಲೆ, ಕಾನೂನು ಇರುವುದು ನಿಜವೆಂದೂ ಯಾವ ತರಗತಿಯಲ್ಲಿ ಏನು ನಡೆಯುತ್ತಿದೆ ಎಂಬುದನ್ನು ವಿಚಾರಿಸಿ ತಿಳಿಸುವುದಾಗಿಯೂ ಹೇಳಿದ್ದಾರೆ. ಅದನ್ನು ಬೆನ್ನು ಹತ್ತುತ್ತೇನೆ.

ಮೇಜಿನ ಬಗ್ಗೆ ಸ್ವಲ್ಪ ವಾದವಾಯಿತು. ವೈಷ್ಣೋ ದಾಸ್ ಅವರ ಸಾವಿನ ವಿಷಯ ಪುಟ್ಟ ಮಕ್ಕಳಿಗೆ ಬೇಡವೆಂದು ಜೊತೆಯವರೊಬ್ಬರು ಹೇಳಿದರು. ಯೋಚಿಸಿದಾಗ ನನಗೂ ಸರಿಯೆನಿಸಿತು. ಆದ್ದರಿಂದ ಬೀಗ ಜಡಿದ ಮನೆಯವರೆಗೆ ಹೇಳಿ, ಮುಂದೆ ರಸ್ತೆಯ ಫಲಕವನ್ನು ತೋರಿಸುತ್ತೇವೆ. ಭೂಪಟವನ್ನು ತೆಗೆದುಹಾಕಿದ್ದೇವೆ. ಆ ಜಾಗದಲ್ಲಿ 1869ರ ರೈಲಿನ ಚಿತ್ರವನ್ನು ದೊಡ್ಡದಾಗಿ ಮುದ್ರಿಸಿ, ಕೆಳಗೆ "ಈ ಕೆಲಸ ಮಾಡಿದವರನ್ನು ಚಿತ್ರದಲ್ಲಿ ಹುಡುಕಿ" ಎಂದಷ್ಟೇ ಬರೆಯುತ್ತೇವೆ, ಪಕ್ಕದಲ್ಲಿ ಒಂದು ಭೂತಗನ್ನಡಿಯನ್ನು ದಾರ ಕಟ್ಟಿ ಇಡುತ್ತೇವೆ. ಇದು ನನ್ನ ಮಗಳ ಸಲಹೆ. ಮೇ 7 ಮತ್ತು ಮೇ 10ರ ಎರಡು ಚೀಟಿಗಳನ್ನು ಮೇಜಿನ ಅಂಚಿಗೆ, ಹತ್ತು ವರ್ಷದವರ ಕಣ್ಣಿನ ಎತ್ತರಕ್ಕೆ ಅಂಟಿಸಬೇಕೆಂದಿದ್ದೇನೆ. ಆ ಹುಡುಗ ಈಗ ಐದನೇ ತರಗತಿಯಲ್ಲಿದ್ದಾನೆ; ದಿನವೂ ಆ ಬಾಗಿಲಿನಿಂದಲೇ ಬರುತ್ತಾನೆ.

ಉತ್ತರ 1 ಬರೆದ ಶಿಕ್ಷಕರಿಂದ

ಭೂತಗನ್ನಡಿಯನ್ನು ನಾನೂ ಎರವಲು ಪಡೆಯುತ್ತೇನೆ, ನಿಮ್ಮ ಮಗಳಿಗೆ ತಿಳಿಸಿ. ಮೇ 7ರ ಚೀಟಿಯಲ್ಲಿ ಒಂದು ಸಾಲು ಸೇರಿಸಿ: ಬಿರುಗಾಳಿಗೆ ಸಿಕ್ಕಿ ಮೀನು ಹಿಡಿಯುವ ದೋಣಿ ದಿಕ್ಕುತಪ್ಪಿ, ಜನವಸತಿಯಿಲ್ಲದ ದ್ವೀಪವೊಂದರಲ್ಲಿ ತಿಂಗಳುಗಟ್ಟಲೆ ಕಳೆದು, ಕೊನೆಗೆ 1841ರಲ್ಲಿ ತಿಮಿಂಗಿಲ ಬೇಟೆಯ ಅಮೆರಿಕನ್ ಹಡಗೊಂದು ಕಾಪಾಡಿದಾಗ ಮಂಜಿರೊಗೆ ಹದಿನಾಲ್ಕು ವರ್ಷ. ಆ ಹಡಗಿನ ಕ್ಯಾಪ್ಟನ್ ವಿಟ್‌ಫೀಲ್ಡ್ ಅವನನ್ನು ಮ್ಯಾಸಚೂಸೆಟ್ಸ್‌ಗೆ ಕರೆತಂದು ಶಾಲೆಗೆ ಸೇರಿಸಿದರು. ಐದನೇ ತರಗತಿಯವನು ಚೀಟಿಯಲ್ಲಿ ಮೊದಲು ಹುಡುಕುವುದು ವಯಸ್ಸನ್ನೇ.